ಹೃದಯಾಘಾತಕ್ಕೆ ಸ್ಟೆಂಟೋ, ಔಷಧ ಲೇಪಿತ ಬಲೂನೋ?

ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಹೃದಯದ ಚಿಕಿತ್ಸೆ ಪಡೆದವರು ಈಗ ಅಪರೂಪವಲ್ಲ. ಹಿಂದೆ ಅವರು ‘ನನಗೆ ಎರಡು ಸ್ಟೆಂಟ್ ಹಾಕಿದ್ದಾರೆ’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಈಚೆಗೆ ಮಾತಿನ ಧಾಟಿ ಬದಲಾಗಿದೆ. ‘ಸ್ಟೆಂಟ್ ಹಾಕದೆ ಬರಿಯ ಬಲೂನಿನಿಂದಲೇ ಗುಣಪಡಿಸುತ್ತಾರಂತೆ, ಒಳಗೆ ಲೋಹ ಉಳಿಯುವುದೇ ಇಲ್ಲವಂತೆ, ನಮಗೇಕೆ ಅದನ್ನು ಮಾಡಲಿಲ್ಲ?’ ಎಂದು ಕೇಳುವವರಿದ್ದಾರೆ. ಮುಂದೆ ತಮಗೋ ಮನೆಯ ಹಿರಿಯರಿಗೋ ಅಂತಹ ಸಂದರ್ಭ ಒದಗಿದರೆ ಸ್ಟೆಂಟ್ ಬೇಡವೆಂದೇ ಹೇಳಿಬಿಡಬೇಕೆಂದು ಈಗಲೇ ನಿಶ್ಚಯಿಸಿಕೊಂಡವರೂ ಇದ್ದಾರೆ. ಈ ನಿಶ್ಚಯವೇ ನಮ್ಮಿಂದ ಈ ಲೇಖನವನ್ನು ಬರೆಯಿಸುತ್ತಿದೆ. ಔಷಧ ಲೇಪಿತ ಬಲೂನ್ ಒಳ್ಳೆಯ ಸಾಧನ. ಅದರ ವಿಷಯದಲ್ಲಿ ನಮಗೆ ಆದರವಿದೆ. ಆದರೆ ಹೃದಯಾಘಾತವಾದ ಗಳಿಗೆಯಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ‘ಸ್ಟೆಂಟ್ ಬೇಡ, ಬಲೂನೇ ಬೇಕು’ ಎಂದು ಹಠ ಹಿಡಿದರೆ ಅದು ಪ್ರಾಣಕ್ಕೆ ಎರವಾಗಬಲ್ಲದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮೊದಲು ಹೃದಯಾಘಾತವೆಂದರೇನು ಎಂಬುದನ್ನು ನೆನಪಿಗೆ ತಂದುಕೊಳ್ಳೋಣ. ಹೃದಯದ ಸ್ನಾಯುವಿಗೆ ರಕ್ತವನ್ನು ಒಯ್ಯುವ ಕರೋನರಿ ರಕ್ತನಾಳಗಳು ಹೃದಯದ ಮೇಲ್ಮೈಯಲ್ಲಿ ಕವಲೊಡೆದು ಹರಡಿಕೊಂಡಿವೆ. ಮುಖ್ಯ ಕವಲುಗಳ ಒಳ ಅಗಲ ಸಾಮಾನ್ಯವಾಗಿ ಮೂರು-ನಾಲ್ಕು ಮಿಲಿಮೀಟರ್ ಮಾತ್ರ. ಹಲವು ವರ್ಷಗಳಿಂದ ನಾಳದ ಗೋಡೆಯಲ್ಲಿ ಕೊಬ್ಬು ಸೇರುತ್ತ ದಪ್ಪಗಾದ ಜಾಗ ಒಂದು ದಿನ ಬಿರಿಯುತ್ತದೆ. ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟುವುದು ದೇಹದ ಸಹಜ ಧರ್ಮ. ಕೈಗೆ ಗಾಯವಾದಾಗ ನಮ್ಮನ್ನು ಕಾಯುವ ಅದೇ ಧರ್ಮ ಇಲ್ಲಿ ಶತ್ರುವಾಗಿ ನಿಲ್ಲುತ್ತದೆ. ಹೆಪ್ಪು ನಾಳವನ್ನು ಪೂರ್ತಿಯಾಗಿ ಮುಚ್ಚಿದರೆ ಅದರಾಚೆಗಿನ ಸ್ನಾಯುವಿಗೆ ರಕ್ತವಿಲ್ಲದೆ ಅದು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಸತ್ತ ಸ್ನಾಯುವಿನ ಜಾಗದಲ್ಲಿ ಬರಿಯ ಕಲೆ ಉಳಿಯುತ್ತದೆ, ಮಿಡಿಯುವ ಸ್ನಾಯು ಮರಳಿ ಬರುವುದಿಲ್ಲ. ಆದ್ದರಿಂದ ಆ ಹೊತ್ತಿನಲ್ಲಿ ವೈದ್ಯರ ಮುಂದಿರುವ ಕೆಲಸ ಒಂದೇ: ಮುಚ್ಚಿದ ನಾಳವನ್ನು ಆದಷ್ಟು ಬೇಗ ತೆರೆಯುವುದು. ಯಾವುದರಿಂದ ತೆರೆಯಬೇಕು, ತೆರೆದ ಮೇಲೆ ಏನನ್ನು ಇರಿಸಬೇಕು ಎಂಬುದು ಎರಡನೆಯ ಮಾತು. ಸ್ಟೆಂಟ್ ಮತ್ತು ಬಲೂನಿನ ಚರ್ಚೆಯೆಲ್ಲ ಈ ಎರಡನೆಯ ಮಾತಿಗೆ ಸೇರಿದ್ದು.

ಬಲೂನು ಸ್ಟೆಂಟಿಗಿಂತ ಹಳೆಯದು ಎಂಬ ಸಂಗತಿ ಹಲವರಿಗೆ ಆಶ್ಚರ್ಯ ತರಬಹುದು. 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಝೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಂಬ ವೈದ್ಯರು ಎಚ್ಚರವಾಗಿದ್ದ ರೋಗಿಯೊಬ್ಬರ ಹೃದಯದ ನಾಳದೊಳಗೆ ತೆಳುವಾದ ನಳಿಗೆಯ ಮೂಲಕ ಪುಟ್ಟ ಬಲೂನನ್ನು ಒಯ್ದು, ಉಬ್ಬಿಸಿ, ಇಕ್ಕಟ್ಟಾದ ಜಾಗವನ್ನು ಅಗಲಗೊಳಿಸಿದರು. ತಮ್ಮ ಮೊದಲ ಬಲೂನುಗಳನ್ನು ಅವರು ಮನೆಯ ಅಡುಗೆಮನೆಯ ಮೇಜಿನ ಮೇಲೆ ತಯಾರಿಸಿಕೊಂಡವರು. ಎದೆ ಸೀಳದೆ ಹೃದಯದ ನಾಳವನ್ನು ತೆರೆಯಬಹುದೆಂದು ಜಗತ್ತಿಗೆ ತಿಳಿದದ್ದು ಆ ದಿನ. ಆದರೆ ಬರಿಯ ಬಲೂನಿಗೆ ಎರಡು ದೋಷಗಳಿದ್ದವು. ಉಬ್ಬಿಸಿದ ಜಾಗದಲ್ಲಿ ನಾಳದ ಒಳಪದರ ಸೀಳಿ, ಕೆಲವೊಮ್ಮೆ ಆಗಿಂದಾಗಲೇ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹಾಗಾಗದೆ ಉಳಿದವರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರಿಗೆ ಕೆಲವು ತಿಂಗಳೊಳಗೆ ಅದೇ ಜಾಗ ಮರಳಿ ಕಿರಿದಾಗುತ್ತಿತ್ತು.

ಈ ದೋಷಗಳಿಗೆ ಉತ್ತರವಾಗಿ ಬಂದದ್ದೇ ಸ್ಟೆಂಟ್. 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಜಾಕ್ ಪುಯೆಲ್, ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್ ಮನುಷ್ಯರ ಹೃದಯದ ನಾಳಗಳಲ್ಲಿ ಲೋಹದ ಜಾಲರಿಯ ಕೊಳವೆಯನ್ನು ಇರಿಸಿದರು. ಬಾವಿಯ ಮಣ್ಣು ಕುಸಿಯದಂತೆ ಒಳಗೆ ಇಳಿಸುವ ಉಂಗುರದಂತೆ ಅದು ನಾಳದ ಗೋಡೆಯನ್ನು ಎತ್ತಿ ಹಿಡಿಯಿತು. ಒಮ್ಮೆಲೇ ಮುಚ್ಚಿಕೊಳ್ಳುವ ಭಯ ಬಹಳ ಮಟ್ಟಿಗೆ ಹೋಯಿತು. ಆದರೆ ಲೋಹ ತಗುಲಿದ ಜಾಗದಲ್ಲಿ ನಾಳದ ಕೋಶಗಳು ಗಾಯ ಮಾಯಿಸುವ ಭರದಲ್ಲಿ ಮಿತಿಮೀರಿ ಬೆಳೆದು ಜಾಲರಿಯ ಒಳಗೂ ತುಂಬಿಕೊಂಡವು. ಆ ಬೆಳವಣಿಗೆಯನ್ನು ತಡೆಯುವ ಔಷಧವನ್ನು ಸ್ಟೆಂಟಿಗೇ ಲೇಪಿಸುವ ಉಪಾಯ 1999ರಲ್ಲಿ ಬ್ರೆಜಿಲ್‌ನಲ್ಲಿ ಎಡುವಾರ್ಡೊ ಸೋಸಾ ಅವರ ಕೈಯಲ್ಲಿ ಮೊದಲು ಪ್ರಯೋಗಕ್ಕೆ ಬಂತು. ಇಂದು ನಮ್ಮೂರ ಆಸ್ಪತ್ರೆಗಳಲ್ಲಿ ಹಾಕುವ ಸ್ಟೆಂಟುಗಳು ಬಹುಪಾಲು ಇಂಥವೇ. ಮರಳಿ ಮುಚ್ಚಿಕೊಳ್ಳುವ ಪ್ರಮಾಣ ಇವುಗಳಲ್ಲಿ ಬಹಳ ಇಳಿದಿದೆ. ಆದರೂ ಅವು ದೋಷರಹಿತವಲ್ಲ. ಲೋಹ ಜೀವನಪರ್ಯಂತ ಅಲ್ಲೇ ಉಳಿಯುತ್ತದೆ. ಮೊದಲ ವರ್ಷ ಕಳೆದ ಮೇಲೂ ವರ್ಷಕ್ಕೆ ನೂರರಲ್ಲಿ ಸುಮಾರು ಇಬ್ಬರಿಗೆ ಸ್ಟೆಂಟಿಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಕಾಣಿಸಿಕೊಳ್ಳುತ್ತ ಹೋಗುತ್ತದೆ ಎಂದು ದೀರ್ಘಕಾಲದ ಅಧ್ಯಯನಗಳು ಹೇಳುತ್ತವೆ. ನಲವತ್ತರ ವಯಸ್ಸಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಮುಂದಿನ ಮೂವತ್ತು-ನಲವತ್ತು ವರ್ಷಗಳ ಬದುಕಿದೆ. ಆದ್ದರಿಂದ ‘ಕೆಲಸ ಮುಗಿಸಿ ಹಿಂದಿರುಗುವ, ಒಳಗೆ ಏನನ್ನೂ ಉಳಿಸದ’ ಚಿಕಿತ್ಸೆಯೊಂದಿದ್ದರೆ ಎಂದು ವೈದ್ಯರು ಹಂಬಲಿಸಿದ್ದು ನ್ಯಾಯವೇ ಆಗಿದೆ.

ಔಷಧ ಲೇಪಿತ ಬಲೂನ್ ಆ ಹಂಬಲದ ಫಲ. ಜರ್ಮನಿಯ ಉಲ್ರಿಕ್ ಸ್ಪೆಕ್ ಮತ್ತು ಬ್ರೂನೊ ಶೆಲ್ಲರ್ ಇದರ ಹಿಂದಿನ ಪ್ರಮುಖರು. ಬಲೂನಿನ ಮೈಗೆ ಔಷಧವನ್ನು ಲೇಪಿಸಿರುತ್ತಾರೆ. ವೈದ್ಯರು ಮೊದಲು ಸಾಮಾನ್ಯ ಬಲೂನಿನಿಂದ ನಾಳವನ್ನು ಹದವಾಗಿ ಅಗಲಿಸಿ, ಅನಂತರ ಔಷಧದ ಬಲೂನನ್ನು ಅಲ್ಲಿಗೆ ಒಯ್ದು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಉಬ್ಬಿಸಿ ಹಿಡಿಯುತ್ತಾರೆ. ಅಷ್ಟರಲ್ಲಿ ಔಷಧ ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಬಲೂನು ಕುಗ್ಗಿ ಹೊರಬರುತ್ತದೆ, ಔಷಧ ಉಳಿದು ವಾರಗಟ್ಟಲೆ ಕೆಲಸ ಮಾಡುತ್ತದೆ. ಬಳಸುವ ಔಷಧಗಳು ಮುಖ್ಯವಾಗಿ ಎರಡು. ಒಂದು ಪ್ಯಾಕ್ಲಿಟ್ಯಾಕ್ಸೆಲ್, ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಲ್ಲಿ ಮೊದಲು ದೊರೆತು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹೆಸರಾದದ್ದು. ಇನ್ನೊಂದು ಸಿರೋಲಿಮಸ್, ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಪಡೆದದ್ದು. ಯಾವುದೋ ದ್ವೀಪದ ಮಣ್ಣು ಯಾವುದೋ ಊರಿನ ಎದೆಯ ನಾಳವನ್ನು ಕಾಯುತ್ತದೆಂಬುದು ಸೋಜಿಗವಲ್ಲವೇ! ಸಿರೋಲಿಮಸ್ ಲೇಪಿತ ಬಲೂನನ್ನು ಗುಜರಾತಿನ ಸೂರತ್‌ನ ಸಂಸ್ಥೆಯೊಂದು ತಯಾರಿಸಿ ಹೊರದೇಶಗಳಿಗೂ ಕಳುಹಿಸುತ್ತಿದೆ; ಹಾಗಾಗಿ ಇದು ಪರದೇಶದ ಹೊಸ ಸರಕು ಮಾತ್ರವಲ್ಲ.

ಈ ಬಲೂನಿಗೆ ಮೊದಲ ಗೆಲುವು ದೊರೆತದ್ದು ಹಳೆಯ ಸ್ಟೆಂಟಿನೊಳಗೆ ಮರಳಿ ಮುಚ್ಚಿಕೊಂಡ ನಾಳಗಳಲ್ಲಿ. 2006ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ರೋಗಿಗಳು 52 ಮಂದಿ ಮಾತ್ರ. ಆದರೆ ಸಾಮಾನ್ಯ ಬಲೂನು ಪಡೆದವರಲ್ಲಿ ನೂರಕ್ಕೆ 43ರಷ್ಟು ಮಂದಿಯ ನಾಳ ಮತ್ತೆ ಕಿರಿದಾಗಿದ್ದರೆ, ಔಷಧದ ಬಲೂನು ಪಡೆದವರಲ್ಲಿ ಆ ಸಂಖ್ಯೆ 5. ಸ್ಟೆಂಟಿನ ಮೇಲೆ ಇನ್ನೊಂದು ಸ್ಟೆಂಟ್ ಹೇರುವ ಬದಲು ಈ ದಾರಿ ಹಿಡಿಯುವುದು ಲೇಸೆಂದು ಅನೇಕರು ಒಪ್ಪಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಮಾರ್ಚ್‌ನಲ್ಲಿ ಹೃದಯದ ನಾಳಕ್ಕೆ ಇಂಥ ಬಲೂನನ್ನು ಮೊದಲ ಬಾರಿಗೆ ಅನುಮತಿಸಿದ್ದೂ ಈ ಉದ್ದೇಶಕ್ಕೇ. ಎರಡನೆಯ ಗೆಲುವು ಕಿರಿಯ ನಾಳಗಳಲ್ಲಿ. ಮೂರು ಮಿಲಿಮೀಟರಿಗಿಂತ ಕಿರಿದಾದ ನಾಳದಲ್ಲಿ ಲೋಹದ ಜಾಲರಿ ಇರಿಸಿದರೆ ಇದ್ದ ಜಾಗದಲ್ಲೇ ಸ್ವಲ್ಪ ಭಾಗ ಅದಕ್ಕೇ ಹೋಗುತ್ತದೆ. ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾ ದೇಶಗಳ 758 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ, ಇಂಥ ನಾಳಗಳಲ್ಲಿ ಬಲೂನು ಸ್ಟೆಂಟಿಗೆ ಕಡಿಮೆಯೇನಲ್ಲ ಎಂದು ತೋರಿಸಿತು. ಒಂದು ವರ್ಷದಲ್ಲಿ ತೊಂದರೆಗೊಳಗಾದವರು ಎರಡೂ ಕಡೆ ನೂರಕ್ಕೆ ಏಳೂವರೆಯ ಆಸುಪಾಸು. ನಮ್ಮ ಜನರಲ್ಲಿ ಮಧುಮೇಹ ಹೆಚ್ಚು. ಮಧುಮೇಹಿಗಳಲ್ಲಿ ಉದ್ದಕ್ಕೂ ಕಿರಿದಾದ ಸಣ್ಣ ನಾಳಗಳು ಸಾಮಾನ್ಯ. ಆದ್ದರಿಂದ ಈ ಫಲಿತಾಂಶ ನಮಗೆ ಸಮೀಪದ್ದು.

ಇಷ್ಟನ್ನು ಓದಿದವರು ‘ಹಾಗಾದರೆ ಎಲ್ಲ ನಾಳಗಳಿಗೂ ಬಲೂನೇ ಸಾಕಲ್ಲ’ ಎಂದುಕೊಳ್ಳುವುದು ಸಹಜ. ಅಲ್ಲಿಯೇ ಎಚ್ಚರಿಕೆ ಬೇಕು. ಚೀನಾದ 43 ಆಸ್ಪತ್ರೆಗಳಲ್ಲಿ 2,272 ರೋಗಿಗಳನ್ನು ಒಳಗೊಂಡು, 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಈ ಪ್ರಶ್ನೆಯನ್ನೇ ಕೇಳಿತು. ಹಿಂದೆ ಚಿಕಿತ್ಸೆಯಾಗದ, ಅಷ್ಟೇನೂ ಜಟಿಲವಲ್ಲದ ಇಕ್ಕಟ್ಟುಗಳಿಗೆ, ನಾಳ ಸಣ್ಣದಿರಲಿ ದೊಡ್ಡದಿರಲಿ, ಬಲೂನು ಸ್ಟೆಂಟಿಗೆ ಸಮನಾದೀತೇ? ಎರಡು ವರ್ಷಗಳ ಕೊನೆಗೆ ಬಲೂನಿನ ಗುಂಪಿನಲ್ಲಿ ನೂರಕ್ಕೆ 6.4ರಷ್ಟು ಮಂದಿಗೆ ತೊಂದರೆ ಕಾಣಿಸಿಕೊಂಡಿತ್ತು, ಸ್ಟೆಂಟಿನ ಗುಂಪಿನಲ್ಲಿ 3.4ರಷ್ಟು ಮಂದಿಗೆ. ಕಿರಿಯ ನಾಳಗಳಲ್ಲಿ ಅಂತರ ಅಲ್ಪ. ದೊಡ್ಡ ನಾಳಗಳಲ್ಲಿಯೇ ಅದು ಎದ್ದು ಕಂಡಿತು. ‘ಲೋಹವಿಲ್ಲದ ಚಿಕಿತ್ಸೆ’ ಎಂದು ಬಣ್ಣಿಸುವವರು 2018ರ ಅಧ್ಯಯನವನ್ನು ಹೇಳಿ 2024ರದನ್ನು ಬಿಟ್ಟುಬಿಡುವುದುಂಟು. ಅರ್ಧ ಹೇಳಿದ ಸತ್ಯವನ್ನು ನಂಬಿ ರೋಗಿ ನಿರ್ಧಾರ ಮಾಡುವುದು ನಮಗೆ ಸರಿಕಾಣುವುದಿಲ್ಲ.

ಇನ್ನು ಹೃದಯಾಘಾತದ ಮಾತು. ಮೇಲಿನ ಅಧ್ಯಯನಗಳ ರೋಗಿಗಳಲ್ಲಿ ಬಹಳಷ್ಟು ಮಂದಿ ಯೋಚಿಸಿ ದಿನ ಗೊತ್ತುಮಾಡಿಕೊಂಡು ಚಿಕಿತ್ಸೆಗೆ ಬಂದವರು. ನಾಳ ಪೂರ್ತಿ ಮುಚ್ಚಿ, ಬೆವರುತ್ತ, ರಕ್ತದೊತ್ತಡ ಕುಸಿದು ಬಂದ ರೋಗಿಯ ಸ್ಥಿತಿ ಬೇರೆ. ಅಂಥವರಲ್ಲಿ ಬಲೂನಿನ ಪರವಾಗಿ ಹೇಳಬಹುದಾದ ಮಾತುಗಳೂ ಇವೆ. ಆಘಾತದ ಹೊತ್ತಿನಲ್ಲಿ ನಾಳ ಸೆಡೆತುಕೊಂಡಿರುತ್ತದೆ; ಅದರ ನಿಜವಾದ ಅಗಲ ತಿಳಿಯದೆ ಚಿಕ್ಕ ಅಳತೆಯ ಸ್ಟೆಂಟ್ ಹಾಕಿಬಿಡುವ ಸಂಭವವುಂಟು. ಹೆಪ್ಪಿನ ಮೇಲೆಯೇ ಕುಳಿತ ಸ್ಟೆಂಟ್, ದಿನ ಕಳೆದು ಹೆಪ್ಪು ಕರಗಿದಾಗ ಗೋಡೆಗೆ ತಾಗದೆ ಸಡಿಲವಾಗಿ ನಿಲ್ಲಬಹುದು. ಬಲೂನಿಗೆ ಈ ಚಿಂತೆಯಿಲ್ಲ. ಆದರೆ ಎದುರು ಪಕ್ಷದ ಮಾತುಗಳು ಇನ್ನೂ ತೂಕದವು. ಬಲೂನಿಗೂ ಗೋಡೆಗೂ ನಡುವೆ ಹೆಪ್ಪು ಕುಳಿತಿದ್ದರೆ ಔಷಧ ಹೆಪ್ಪಿಗೆ ಅಂಟುತ್ತದೆ, ಗೋಡೆಗೆ ತಲಪುವುದಿಲ್ಲ. ಉಬ್ಬಿಸಿದ ಮೇಲೆ ನಾಳ ರಬ್ಬರಿನಂತೆ ಮರಳಿ ಕುಗ್ಗಿದರೆ, ಅಥವಾ ಒಳಪದರ ಸೀಳಿ ರಕ್ತದ ಹರಿವಿಗೆ ಅಡ್ಡವಾದರೆ, ಅದನ್ನು ಎತ್ತಿ ಹಿಡಿಯಲು ಸ್ಟೆಂಟಿನ ಹೊರತು ಬೇರೆ ಆಸರೆಯಿಲ್ಲ. ಸುಣ್ಣದಂತೆ ಗಟ್ಟಿಯಾದ ಗೋಡೆಗೆ ಔಷಧ ಇಳಿಯುವುದೂ ಕಷ್ಟ.

ಆಮ್ಸ್‌ಟರ್‌ಡ್ಯಾಮ್‌ನ ಆಸ್ಪತ್ರೆಯೊಂದರಲ್ಲಿ ಹೃದಯಾಘಾತವಾದವರಲ್ಲಿಯೇ ಈ ಎರಡನ್ನೂ ಹೋಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 120 ರೋಗಿಗಳು. ಒಂಬತ್ತು ತಿಂಗಳ ಅನಂತರ ನಾಳದೊಳಗಿನ ರಕ್ತದೊತ್ತಡವನ್ನು ಅಳೆದು ನೋಡಿದಾಗ ಬಲೂನು ಪಡೆದವರ ನಾಳ ಸ್ಟೆಂಟ್ ಪಡೆದವರ ನಾಳದಷ್ಟೇ ಚೆನ್ನಾಗಿ ತೆರೆದಿತ್ತು. ಇದು ಆಶೆ ಹುಟ್ಟಿಸುವ ಸಂಗತಿ, ಅನುಮಾನವಿಲ್ಲ. ಆದರೆ ಮೊದಲ ಬಾರಿ ಬಲೂನು ಉಬ್ಬಿಸಿ ನೋಡಿ, ನಾಳ ಸಾಕಷ್ಟು ತೆರೆದುಕೊಂಡಿದೆ ಎಂದು ಖಚಿತವಾದವರನ್ನು ಮಾತ್ರ ಅಲ್ಲಿ ಆರಿಸಿಕೊಂಡಿದ್ದರು. ಬಲೂನಿನ ಗುಂಪಿಗೆ ಸೇರಿದ ಕೆಲವರಿಗೂ ಕೊನೆಗೆ ಸ್ಟೆಂಟ್ ಹಾಕಬೇಕಾಯಿತು. ಎಂದರೆ, ಬಲೂನು ಸಾಕೋ ಸ್ಟೆಂಟ್ ಬೇಕೋ ಎಂಬುದನ್ನು ಅಲ್ಲಿನ ವೈದ್ಯರೂ ನಾಳವನ್ನು ತೆರೆದು ನೋಡಿದ ಮೇಲೆಯೇ ತೀರ್ಮಾನಿಸಿದರು. ಆಸ್ಪತ್ರೆಯ ಹೊರಗೆ ನಿಂತ ಮಗನೋ ಅಳಿಯನೋ ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ನೋಡಿ ಅದನ್ನು ಮೊದಲೇ ತೀರ್ಮಾನಿಸಲು ಹೇಗೆ ಸಾಧ್ಯ?

‘ಒಳಗೆ ಏನನ್ನೂ ಉಳಿಸುವುದಿಲ್ಲ’ ಎಂಬ ಭರವಸೆ ಇದೇ ಮೊದಲ ಸಲ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ತಾನಾಗಿ ಕರಗಿಹೋಗುವ ಸ್ಟೆಂಟ್ ಎಂದು ದೊಡ್ಡ ಸದ್ದಾಗಿತ್ತು. ‘ಅಬ್ಸಾರ್ಬ್’ ಎಂಬ ಹೆಸರಿನ ಅದಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿಯೂ ದೊರೆಯಿತು. ಅದರೊಳಗೆ ರಕ್ತ ಹೆಪ್ಪುಗಟ್ಟುವ ಪ್ರಮಾಣ ಲೋಹದ ಸ್ಟೆಂಟಿಗಿಂತ ಹೆಚ್ಚೆಂದು ತಿಳಿದುಬಂದು, 2017ರಲ್ಲಿ ತಯಾರಕರೇ ಮಾರಾಟ ನಿಲ್ಲಿಸಿದರು. ಔಷಧದ ಬಲೂನಿಗೂ ಅದೇ ಗತಿಯಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಇದರ ಹಿಂದೆ ಹೆಚ್ಚಿನ ವರ್ಷಗಳ ಅನುಭವವಿದೆ, ಇದರ ಸ್ವಭಾವವೂ ಬೇರೆ. ಆದರೆ ಕಿವಿಗೆ ಹಿತವಾದ ಭರವಸೆ ಅಧ್ಯಯನಗಳಿಗಿಂತ ಮುಂದೆ ಓಡಿದ್ದನ್ನು ಒಮ್ಮೆ ಕಂಡ ಮೇಲೆ ಎರಡನೆಯ ಸಲ ಸ್ವಲ್ಪ ನಿಧಾನಿಸುವುದು ತಪ್ಪಲ್ಲ.

ನಮ್ಮನ್ನು ಹೆಚ್ಚು ಕಾಡುವ ಸಂಗತಿ ಮಾತ್ರೆಗಳದು. ‘ಸ್ಟೆಂಟ್ ಹಾಕಿಲ್ಲವಲ್ಲ, ಇನ್ನು ರಕ್ತ ತೆಳುಮಾಡುವ ಮಾತ್ರೆ ಏಕೆ?’ ಎಂದು ಒಂದೆರಡು ತಿಂಗಳಲ್ಲೇ ನಿಲ್ಲಿಸುವ ಯೋಚನೆ ಭಕ್ತರ ಬಾಯಲ್ಲಿ ಕೇಳಿಬರುತ್ತಿದೆ. ಇದು ಅಪಾಯದ ಮಾತು. ಹೃದಯಾಘಾತವಾದವರಿಗೆ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್‌ಗಳಲ್ಲಿ ಒಂದನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುವುದು ಸ್ಟೆಂಟಿಗಾಗಿ ಮಾತ್ರವಲ್ಲ. ಬಿರಿದ ಜಾಗದಲ್ಲಿ, ಬೇರೆ ನಾಳಗಳಲ್ಲಿ ಬಿರಿಯಲು ಕಾದಿರುವ ಜಾಗಗಳಲ್ಲಿ ಮತ್ತೆ ಹೆಪ್ಪು ಆಗದಿರಲೆಂದು. ನಾಳದಲ್ಲಿ ಲೋಹವಿದ್ದರೂ ಇಲ್ಲದಿದ್ದರೂ ಆ ಕಾರಣ ಹಾಗೆಯೇ ಇರುತ್ತದೆ. ಆಘಾತವಾಗದೆ, ಯೋಚಿಸಿ ಮಾಡಿಸಿಕೊಂಡ ಬಲೂನು ಚಿಕಿತ್ಸೆಯ ಅನಂತರ ಎರಡು ಮಾತ್ರೆಗಳ ಅವಧಿ ಕಡಿಮೆಯಾಗಬಹುದು, ನಿಜ. ರಕ್ತಸ್ರಾವದ ಭಯವಿರುವ ವೃದ್ಧರಿಗೆ, ಬೇರೆ ಶಸ್ತ್ರಚಿಕಿತ್ಸೆ ಕಾದಿರುವವರಿಗೆ ಅದೊಂದು ದೊಡ್ಡ ಅನುಕೂಲ. ಆದರೆ ಅವಧಿಯನ್ನು ಕಡಿಮೆ ಮಾಡಬೇಕಾದವರು ಚಿಕಿತ್ಸೆ ಮಾಡಿದ ವೈದ್ಯರು. ಪಕ್ಕದ ಮನೆಯವರಲ್ಲ, ಔಷಧ ಅಂಗಡಿಯವರೂ ಅಲ್ಲ. ಹಲ್ಲು ಕೀಳಿಸಬೇಕಾಗಿ ಬಂದಾಗಲೂ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಹೃದಯದ ವೈದ್ಯರನ್ನು ಕೇಳಬೇಕು. ಕೊಬ್ಬನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನಂತೂ ‘ರಿಪೋರ್ಟ್ ನಾರ್ಮಲ್ ಬಂತು’ ಎಂದು ಬಿಡುವವರೇ ಹೆಚ್ಚು. ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದಲೇ ರಿಪೋರ್ಟ್ ಹಾಗೆ ಬಂದಿದೆ ಎಂಬುದನ್ನು ಅವರು ಮರೆಯುತ್ತಾರೆ.

ಲೋಹದ ಬಗ್ಗೆ ಭಕ್ತರಲ್ಲಿ ಇರುವ ಇನ್ನೊಂದು ಸಂಕೋಚವನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಅಂಗದ ಮೇಲೆ ಲಿಂಗವನ್ನು ಧರಿಸಿದವರ ದೇಹದೊಳಗೆ ಪರವಸ್ತು ಸೇರಿದರೆ ಪೂಜೆಗೆ ದೋಷವೇ ಎಂದು ಹಿರಿಯ ತಾಯಂದಿರು ಮೆಲುದನಿಯಲ್ಲಿ ಕೇಳುವುದುಂಟು. ಕಣ್ಣಿನ ಪೊರೆ ತೆಗೆದು ಹಾಕಿದ ಮಸೂರ, ಮೊಣಕಾಲಿಗೆ ಜೋಡಿಸಿದ ಕೀಲು, ಹಲ್ಲಿಗೆ ತುಂಬಿದ ಬೆಳ್ಳಿ ಇವೆಲ್ಲ ಇದ್ದೂ ನಮ್ಮ ಹಿರಿಯರ ಲಿಂಗಪೂಜೆ ನಿಂತಿಲ್ಲ. ಕಾಯಕ್ಕೆ ಶಕ್ತಿಯಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ ಎಂದು ನಂಬಿದ ಪರಂಪರೆ ನಮ್ಮದು. ಆ ಕಾಯವನ್ನು ಉಳಿಸುವ ಸಾಧನ ಲೋಹದ್ದಾಗಿದ್ದರೆ ಅದರಲ್ಲಿ ಮೈಲಿಗೆಯನ್ನು ಕಾಣುವುದಕ್ಕೆ ಆಧಾರವಿಲ್ಲ. ಈಗಿನ ಸ್ಟೆಂಟಿನ ಎಳೆ ತಲೆಗೂದಲಿನಷ್ಟು ಮಾತ್ರ ದಪ್ಪ. ಕೆಲವು ತಿಂಗಳೊಳಗೆ ನಾಳದ ಸ್ವಂತ ಪೊರೆ ಅದರ ಮೇಲೆ ಬೆಳೆದು ಅದನ್ನು ತನ್ನದನ್ನಾಗಿ ಮಾಡಿಕೊಳ್ಳುತ್ತದೆ.

ಬೆಲೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಕಟುವಾಗಿಯೇ ಇದೆ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಲೇಪನವಿಲ್ಲದ ಸ್ಟೆಂಟಿಗೆ 7,260 ರೂಪಾಯಿ ಎಂದು ಮಿತಿ ವಿಧಿಸಿತು. ಅದಕ್ಕೆ ಮೊದಲು ಲಕ್ಷ ರೂಪಾಯಿ ದಾಟುತ್ತಿದ್ದ ಸ್ಟೆಂಟ್ ಒಂದೇ ದಿನದಲ್ಲಿ ಇಳಿಯಿತು. ಎಷ್ಟೋ ಕುಟುಂಬಗಳು ಹೊಲ ಮಾರುವುದು ತಪ್ಪಿತು. ಆ ಆದೇಶ ಸ್ಟೆಂಟಿಗೆ ಸಂಬಂಧಿಸಿದ್ದು, ಬಲೂನು ಅದರ ವ್ಯಾಪ್ತಿಯೊಳಗೆ ಬರಲಿಲ್ಲ. ಬೆಲೆಗೆ ಮಿತಿಯಿರುವ ವಸ್ತುವಿಗಿಂತ ಮಿತಿಯಿಲ್ಲದ ವಸ್ತುವನ್ನು ಹೊಗಳುವ ಆಸೆ ವ್ಯಾಪಾರಕ್ಕೆ ಸಹಜವಾದದ್ದು. ಪ್ರಾಮಾಣಿಕ ವೈದ್ಯರು ಬಹಳ ಮಂದಿ ಇದ್ದಾರೆ. ಅವರ ಮೇಲೆ ಸಂಶಯದ ನೆರಳು ಬೀಳಬಾರದೆಂದರೆ ಔಷಧ ಲೇಪಿತ ಬಲೂನಿನ ಬೆಲೆಯ ಮೇಲೂ ಸರ್ಕಾರ ಅಂಥದೇ ಮಿತಿ ವಿಧಿಸಬೇಕು. ಅಲ್ಲಿಯವರೆಗೆ, ತುರ್ತಿಲ್ಲದ ಚಿಕಿತ್ಸೆಗೆ ಹೋಗುವವರು ಯಾವ ಸಾಧನ, ಅದರ ಬೆಲೆ ಎಷ್ಟು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಅದು ಸೇರುತ್ತದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ನನ್ನ ನಾಳದ ಅಗಲ ಎಷ್ಟು, ಬಲೂನು ಏಕೆ ಅಥವಾ ಸ್ಟೆಂಟ್ ಏಕೆ ಎಂದು ವಿನಯದಿಂದ ಕೇಳಿದರೆ ಉತ್ತರಿಸುವುದು ವೈದ್ಯರ ಕರ್ತವ್ಯ. ಡಿಸ್ಚಾರ್ಜ್ ಚೀಟಿಯಲ್ಲಿ ಸಾಧನದ ಹೆಸರು, ಅಳತೆ, ಹಾಕಿದ ನಾಳ, ಮಾತ್ರೆಗಳ ಅವಧಿ ಇವು ಬರೆದಿವೆಯೇ ನೋಡಿಕೊಂಡು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಆದರೆ ಇದೆಲ್ಲ ಪುರುಸೊತ್ತು ಇದ್ದಾಗಿನ ಮಾತು. ಹೃದಯಾಘಾತದ ಹೊತ್ತಿನಲ್ಲಿ ಕುಟುಂಬದ ಕೈಯಲ್ಲಿರುವುದು ಸಮಯವೊಂದೇ, ಮತ್ತು ನಮ್ಮ ನಾಡಿನಲ್ಲಿ ಹೆಚ್ಚು ಪೋಲಾಗುವುದೂ ಅದೇ. ಎದೆ ಹಿಂಡಿದಂತಾಗಿ ನೋವು ಎಡದ ತೋಳಿಗೋ ದವಡೆಗೋ ಹರಡಿದರೂ ‘ಗ್ಯಾಸ್ ಆಗಿದೆ’ ಎಂದು ಸೋಡ ಕುಡಿದು, ಓಮಕಾಳು ಅಗಿದು, ಬೆಳಗಾಗಲೆಂದು ಮಲಗುವವರಿದ್ದಾರೆ. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ, ವೃದ್ಧರಲ್ಲಿ ನೋವೇ ಇಲ್ಲದೆ ಬರಿಯ ಉಬ್ಬಸ, ಬೆವರು, ಸುಸ್ತು ಕಾಣಿಸಬಹುದು. ‘ನಾವು ಸಸ್ಯಾಹಾರಿಗಳು, ಮದ್ಯ ಮುಟ್ಟಿದವರಲ್ಲ, ನಮಗೆ ಹಾರ್ಟ್ ಅಟ್ಯಾಕ್ ಎಲ್ಲಿಂದ ಬರಬೇಕು?’ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಆಳವಾಗಿದೆ. ತಂಬಾಕು, ಬೀಡಿ, ಗುಟ್ಕಾ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕರಿದ ತಿಂಡಿ ಇವು ಸಸ್ಯಾಹಾರಿಗಳನ್ನೂ ಬಿಡುವುದಿಲ್ಲ. ನಿತ್ಯ ವ್ಯಾಯಾಮ ಮಾಡುತ್ತಿದ್ದ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ಬೆಚ್ಚಿತು. 2025ರ ಬೇಸಗೆಯ ಕೊನೆಗೆ ಹಾಸನ ಜಿಲ್ಲೆಯಿಂದ ಸಾಲು ಸಾವುಗಳ ಸುದ್ದಿ ಬಂದಾಗ ಜನ ಹೆದರಿ ಜಯದೇವ ಆಸ್ಪತ್ರೆಗಳ ಮುಂದೆ ಸರತಿ ನಿಂತರು. ಆರೋಗ್ಯವಾಗಿದ್ದವರು ಹೀಗೆ ಒಮ್ಮೆಲೇ ಮುಗಿಬಿದ್ದರೆ ನಿಜವಾಗಿ ಆಘಾತವಾದವರಿಗೆ ದಾರಿ ಸಿಗುವುದು ಕಷ್ಟ.

ಪುನೀತ್ ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ನಡೆಸುತ್ತಿರುವ ಹೃದಯಜ್ಯೋತಿ ಯೋಜನೆ ನಮ್ಮ ಹಳ್ಳಿಗಳ ಮಟ್ಟಿಗೆ ಬಲೂನು-ಸ್ಟೆಂಟುಗಳ ಚರ್ಚೆಗಿಂತ ದೊಡ್ಡ ಸಂಗತಿ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಹೃದ್ರೋಗ ಕೇಂದ್ರದ ವೈದ್ಯರಿಗೆ ಕಳುಹಿಸುತ್ತಾರೆ. ಆಘಾತ ಖಚಿತವಾದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವ ಊರಿನಲ್ಲಿ ಇರುವವರಿಗೆ ಆಂಜಿಯೋಪ್ಲಾಸ್ಟಿಯೇ ಉತ್ತಮ. ಅಷ್ಟು ದೂರ ಹೋಗಲು ಆಗದ ಕಡೆ ಈ ಚುಚ್ಚುಮದ್ದೇ ಜೀವದಾನ. ಮೊದಲ ಮೂರು ಗಂಟೆಗಳಲ್ಲಿ ಕೊಟ್ಟಷ್ಟು ಅದರ ಫಲ ಹೆಚ್ಚು. ಅನಂತರ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿ ಆಂಜಿಯೋಗ್ರಾಂ ಮಾಡಿ, ಆಗ ಬಲೂನೋ ಸ್ಟೆಂಟೋ ನೋಡಿಕೊಳ್ಳಬಹುದು. ದೊಡ್ಡ ಊರಿಗೇ ಹೋಗೋಣ ಎಂದು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಮೂರು ತಾಸು ಕಾರಿನಲ್ಲಿ ಹೋಗುವವರು, ಕಾರಿನಲ್ಲಿಯೇ ಸ್ನಾಯುವನ್ನು ಕಳೆದುಕೊಳ್ಳುತ್ತಾರೆ.

ಈ ಕಾರಣಕ್ಕೆ ಶ್ರೀಮಠದ ಸೇವಾ ಸಮಿತಿಯವರಲ್ಲಿ ನಮ್ಮದೊಂದು ಬಿನ್ನಹವಿದೆ. ಜಾತ್ರೆ, ರಥೋತ್ಸವಗಳ ದಿನ ಸಾವಿರಾರು ಹಿರಿಯರು ಬಿಸಿಲಲ್ಲಿ ನಿಂತು, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಮರಳುತ್ತಾರೆ. ಅಂದು ದಾಸೋಹ ಭವನದ ಬಳಿ ಒಂದು ಇಸಿಜಿ ಯಂತ್ರ, ಅದನ್ನು ತೆಗೆಯಬಲ್ಲ ಒಬ್ಬರು, 108 ಆಂಬುಲೆನ್ಸ್ ನಿಲ್ಲಲು ತೇರು ಬೀದಿಯಿಂದ ದೂರವಾಗಿ ಬಿಟ್ಟ ಒಂದು ದಾರಿ, ಇಷ್ಟಿರಲಿ. ಹೃದಯಜ್ಯೋತಿ ಯೋಜನೆಯಿರುವ ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಮಹಾದ್ವಾರದ ಫಲಕದಲ್ಲಿ ದೊಡ್ಡಕ್ಷರದಲ್ಲಿ ಬರೆಯಿಸಲಿ. ಭಕ್ತರೂ ಆ ಹೆಸರನ್ನು ತಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಇಂದೇ ಬರೆದಿಟ್ಟುಕೊಳ್ಳಲಿ.